‘ಎಳೆ: ಸ್ವಂತ’ ಎಂದು ಬರೆದ ಮಳೆಗಾಲ

ಅರಕಲಗೂಡಿನ ರಸ್ತೆಯಲ್ಲಿ ಜುಲೈ ಕೊನೆಗೆ ಹೊಗೆಸೊಪ್ಪು ಬೇಯುವ ವಾಸನೆ ಶುರುವಾಗುತ್ತದೆ. ಬೆಲ್ಲ ತುಸು ಸೀದಂತೆ, ಒಣಹುಲ್ಲು ಮಳೆಗೆ ನೆನೆದಂತೆ, ಎರಡೂ ಸೇರಿದ ವಾಸನೆ. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ನನಗೆ ಮೊದಲೆಲ್ಲ ಅದು ಬರೀ ವಾಸನೆಯಾಗಿತ್ತು. ಈಗ ಕಿಟಕಿಯಿಂದ ಒಳಗೆ ಬಂದ ಕೂಡಲೇ ಇಯರ್‌ಫೋನ್ ಕಿವಿಯಿಂದ ತೆಗೆಯುತ್ತೇನೆ. ಚೀಲಕ್ಕೆ ಕೈಹಾಕಿ ಪೆನ್ನು ಇದೆಯೇ ಎಂದು ಮುಟ್ಟಿ ನೋಡುತ್ತೇನೆ. ಈ ವರ್ಷವೂ ಹಾಗೇ ಆಯಿತು. ಪಕ್ಕದಲ್ಲಿ ಕೂತಿದ್ದವರು, ‘ಏನ್ ಕಳ್ಕೊಂಡ್ರಿ?’ ಎಂದು ಕೇಳಿದರು. ಏನೂ ಇಲ್ಲ ಎಂದೆ.

ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದ ವಿಷಯ ಇದು. ನೆನಪಿನ ಮೇಲೆ ನನಗೆ ಈಗ ಪೂರ್ತಿ ನಂಬಿಕೆ ಇಲ್ಲ. ಆದ್ದರಿಂದ ಖಾತ್ರಿ ಇರುವುದನ್ನು ಖಾತ್ರಿ ಎಂದೂ ಇಲ್ಲದ್ದನ್ನು ಇಲ್ಲ ಎಂದೂ ಹೇಳುತ್ತ ಹೋಗುತ್ತೇನೆ.

ಅರಕಲಗೂಡಿನ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ನಮ್ಮಲ್ಲಿ ಟ್ಯೂಬಿನ ಮೇಲೆ ಹೆಸರು ಬರೆಯದೆ ಸೂಜಿ ಕೈಗೆತ್ತಿಕೊಳ್ಳುವುದಿಲ್ಲ. ಹೆಸರಿಲ್ಲದ ಟ್ಯೂಬ್ ಸಿಕ್ಕಿದರೆ ಅದು ಯಾರದೆಂದು ಊಹಿಸುವ ಹಾಗಿಲ್ಲ, ಚೆಲ್ಲಬೇಕು. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಟ್ಯೂಬೂ ಅದಲುಬದಲಾಗಿಲ್ಲ. ನನ್ನನ್ನು ನಾನು ನಂಬಿದ್ದು ಇದರಿಂದಲೇ ಎಂದು ಕಾಣುತ್ತದೆ.

ಕಥೆ ಬರೆಯುವ ಹುಚ್ಚೂ ಇತ್ತು. ಹಾಸನದ ಪುಟ್ಟೇಗೌಡ ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿದ್ದರು. ಜಿಲ್ಲೆಯ ಬೇರೆಬೇರೆ ಊರುಗಳ ಜನ ಅದರಲ್ಲಿ ತಮ್ಮ ಕಥೆ ಹಾಕುತ್ತಿದ್ದರು. ಮೇಷ್ಟ್ರದು ಒಂದೇ ಕಟ್ಟುನಿಟ್ಟು. ಪ್ರತಿ ಕಥೆಯ ಕೆಳಗೂ ‘ಎಳೆ’ ಎಂಬ ಒಂದು ಸಾಲು ಇರಬೇಕು. ಕಥೆಯ ಯೋಚನೆ ಯಾರ ಬಾಯಿಂದ ಬಂತು, ಯಾರದನ್ನು ಓದಿ ಹೊಳೆಯಿತು, ಅವರ ಹೆಸರು ಅಲ್ಲಿ ಬರೆಯಬೇಕು. ‘ಎಳೆ: ನಮ್ಮತ್ತೆ.’ ‘ಎಳೆ: ಹಳ್ಳಿಮೈಸೂರಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜಿ, ಹೆಸರು ಕೇಳಲಿಲ್ಲ.’ ಚನ್ನರಾಯಪಟ್ಟಣದ ಲೋಕೇಶ, ಕೊಬ್ಬರಿ ವ್ಯಾಪಾರದವನು, ಪ್ರತಿ ಸಲವೂ ‘ಎಳೆ: ಹೆಂಡತಿಯ ಬೈಗುಳ’ ಎಂದೇ ಹಾಕುತ್ತಿದ್ದ. ಯಾರಿಂದಲೂ ಬರದಿದ್ದರೆ ‘ಎಳೆ: ಸ್ವಂತ’.

‘ಮೊಬೈಲಲ್ಲಿ ಬರೆದದ್ದಕ್ಕೆ ಬೇಲಿ ಇಲ್ಲ ಕಣ್ರಮ್ಮ. ಫಾರ್ವರ್ಡ್ ಒತ್ತಿದ್ರೆ ಮೊದ್ಲು ಉದುರೋದೇ ಹೆಸರು’ ಎನ್ನುತ್ತಿದ್ದರು ಮೇಷ್ಟ್ರು.

ಟೈಪ್ ಮಾಡಲು ಹಿಂಜರಿಯುವವರು ಕಥೆಯನ್ನು ಬಾಯಲ್ಲೇ ಹೇಳಿ ಕಳಿಸಬಹುದಿತ್ತು. ಹಾಗೆ ಬಂದದ್ದನ್ನು ಕೇಳಿ, ಬರೆಯಬಹುದೋ ಬೇಡವೋ ಹೇಳುವುದಕ್ಕೆ ನಾವು ಮೂವರಿದ್ದೆವು. ಅರಕಲಗೂಡಿನ ಕಡೆಯವರದು ನನ್ನ ಪಾಲು. ಬೆಳಗಿನ ಬಸ್ಸಿನಲ್ಲಿ ಕೇಳುತ್ತಿದ್ದೆ. ಹೆಚ್ಚಿನವು ಹೆಸರಿಲ್ಲದ ನಂಬರುಗಳು. ಒಂದನ್ನು ಒತ್ತಿ, ಫೋನನ್ನು ಚೀಲದೊಳಗೆ ಇಟ್ಟು ಕಣ್ಣು ಮುಚ್ಚುವುದು. ಎಷ್ಟೋ ದಿನ ತೂಕಡಿಕೆ. ಇಳಿಯುವ ಮುಂಚೆ ಎಲ್ಲರಿಗೂ ಒಂದೇ ಉತ್ತರ: ‘ಚೆನ್ನಾಗಿದೆ, ಬರೆಯಿರಿ.’ ಶನಿವಾರ ಬಂತೆಂದರೆ ಫೋನ್ ತುಂಬಿದೆಯೆಂದು ಎಲ್ಲವನ್ನೂ ಅಳಿಸುತ್ತಿದ್ದೆ.

ಆ ವರ್ಷ ಶ್ರಾವಣದಲ್ಲಿ ನಾನು ಒಂದು ಕಥೆ ಹಾಕಿದೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ತಾಯಿ. ವರಮಹಾಲಕ್ಷ್ಮಿ ಹಬ್ಬಕ್ಕೆಂದು ಬುಟ್ಟಿ ತುಂಬ ಹೂ ಕಟ್ಟಿಟ್ಟು ಅವಳು ಸತ್ತುಹೋಗುತ್ತಾಳೆ. ಮರುದಿನ ಮಗಳು ಅದೇ ಹೂವನ್ನು ಅಳೆದು ಮಾರಬೇಕು. ತಾಯಿ ಎಡಗೈಯವಳು, ಅವಳ ಗಂಟು ಎಡಕ್ಕೆ ತಿರುಗಿರುತ್ತದೆ. ಮೊಳ ಹಾಕುವಾಗ ಒಂದೊಂದು ಗಂಟೂ ಮಗಳ ಬೆರಳಿಗೆ ತಾಯಿಯ ಕೈಯನ್ನು ಹೇಳುತ್ತದೆ. ಕಥೆಯ ಕೆಳಗೆ ‘ಎಳೆ: ಸ್ವಂತ’ ಎಂದು ಹಾಕಿದೆ. ಹಾಕುವಾಗ ನನಗೆ ಒಂದು ಚೂರೂ ಅನುಮಾನ ಇರಲಿಲ್ಲ. ಇದು ಖಾತ್ರಿ.

ಗ್ರೂಪಿನಲ್ಲಿ ಎರಡು ದಿನ ಅದೇ ಮಾತು. ಮೇಷ್ಟ್ರು ಫೋನ್ ಮಾಡಿ, ‘ಮಂಗಳಮ್ಮ, ದೀಪಾವಳಿಗೆ ನಮ್ಮೆಲ್ಲರ ಕಥೆ ಸೇರಿಸಿ ಒಂದು ಪುಸ್ತಕ ಮಾಡೋಣ ಅಂತಿದೀನಿ. ನಿಮ್ಮದೇ ಮೊದಲ್ನೇದು’ ಎಂದರು. ಸರ್ವಮಂಗಳಾ ಎಂಬ ನನ್ನ ಹೆಸರು ಅಚ್ಚಿನಲ್ಲಿ ಹೇಗೆ ಕಾಣುತ್ತದೆ ಎಂದು ಬಿಲ್ ಪುಸ್ತಕದ ಹಿಂದೆ ಬರೆದು ನೋಡಿಕೊಂಡೆ.

ಗಣೇಶನ ಹಬ್ಬ ಕಳೆದ ಮೇಲೆ ಸುಜಾತ ಎಂಬ ಹೊಸ ಸದಸ್ಯೆಯ ಕಥೆ ಬಂತು. ಅರಕಲಗೂಡಿನ ಹತ್ತಿರದ ಹಳ್ಳಿಯವಳು, ಪಿಯುಸಿ ಓದಿದವಳು, ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೋಗುವವಳು ಎಂದು ಪರಿಚಯದಲ್ಲಿ ಇತ್ತು. ಹಸಿ ಎಲೆಯನ್ನು ಕಡ್ಡಿಗೆ ದಾರದಿಂದ ಕಟ್ಟಿ, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಸಾಲಾಗಿ ತೂಗುಹಾಕಿ ಐದಾರು ದಿನ ಒಲೆಯ ಶಾಖ ಕೊಡುತ್ತಾರೆ. ಅವಳ ಕಥೆಯಲ್ಲಿ, ಸೊಪ್ಪು ಕಟ್ಟಿದ ಮರುದಿನ ಅವ್ವ ಸಾಯುತ್ತಾಳೆ. ಬ್ಯಾರನ್ ಬಾಗಿಲು ತೆಗೆದ ದಿನ ಕಡ್ಡಿ ಬಿಚ್ಚುವ ಕೆಲಸ ಮಗಳಿಗೇ ಬರುತ್ತದೆ. ಅವ್ವ ಎಡಗೈಯವಳು. ಯಾವ ಕಡ್ಡಿ ಅವ್ವನದು ಎಂದು ಮಗಳ ಬೆರಳಿಗೆ ಗೊತ್ತಾಗುತ್ತದೆ, ಮತ್ತು ಬಿಚ್ಚಲೇಬೇಕು.

ಕೆಳಗೆ ‘ಎಳೆ: ನಮ್ಮವ್ವ’ ಎಂದಿತ್ತು. ನನ್ನ ಹೆಸರಿರಲಿಲ್ಲ.

ಮತ್ತೆ ಮತ್ತೆ ಓದಿದೆ. ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಗಡೆ ನನ್ನ ಕಥೆ, ಬಲಗಡೆ ಅವಳದು, ಹೋಲಿಕೆಗಳನ್ನು ಒಂದೊಂದಾಗಿ ಬರೆದೆ. ಸಾಯುವ ತಾಯಿ. ಎಡಗೈ. ಗಂಟು. ಮಗಳೇ ಮುಟ್ಟಬೇಕಾದದ್ದು. ಆ ಹಾಳೆಯ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ.

ಇನ್ನೊಂದು ಮಾತು ಬಿಟ್ಟರೆ ಈ ಸಾಕ್ಷಿ ಪೂರ್ತಿಯಾಗುವುದಿಲ್ಲ. ಅವಳ ಪರಿಚಯದ ಫೋಟೋದಲ್ಲಿ ಹಿಂದಿನ ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಅದನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಯಾಕೆ ಹಿಗ್ಗಿಸಿದೆ ಎಂದು ನನಗೆ ಗೊತ್ತು. ಕೂಲಿಗೆ ಹೋಗುವ ಆ ಕೇರಿಯ ಹುಡುಗಿಗೆ ಇದು ತಾನಾಗಿ ಹೊಳೆಯಿತೇ ಎಂದು ಮನಸ್ಸು ಕೇಳಿತು. ಬಾಯಲ್ಲಿ ಹೇಳಲಿಲ್ಲ, ಅಷ್ಟೆ.

ಮೇಷ್ಟ್ರು ಗ್ರೂಪಿನಲ್ಲೇ ವಿಚಾರಿಸಿದರು. ಸುಜಾತ ಮಾತಿನಲ್ಲೇ ಉತ್ತರ ಕಳಿಸಿದಳು. ‘ಸಾ, ಅದು ನಮ್ಮವ್ವಂದೇ. ಆಸಾಡ್ದಲ್ಲಿ ಮಂಗ್ಳಕ್ಕಂಗೇ ಯೋಳಿ ಕಳ್ಸಿದ್ದೆ. ಚೆನ್ನಾಗಿದೆ, ಬರೀರಿ ಅಂದ್ರು. ಅದ್ಕೇ ಬರ್ದೆ.’

ಸುಳ್ಳಿನ ಮೇಲೆ ಸುಳ್ಳು ಎನಿಸಿತು ನನಗೆ. ಫೋನಿನಲ್ಲಿ ಹುಡುಕಿದೆ. ಏನೂ ಇರಲಿಲ್ಲ. ‘ಯಾವ ನಂಬರಿಂದ ಕಳಿಸಿದ್ದು?’ ಎಂದು ಕೇಳಿದೆ.

‘ನಮ್ಮಣ್ಣನ್ ಫೋನಿಂದ ಅಕ್ಕ.’

‘ಅದರಲ್ಲಿ ಇರಬೇಕಲ್ಲ, ತೋರಿಸು.’

‘ಆ ಫೋನು ನಾಲೆಗೆ ಬಿದ್ದೋಯ್ತು.’

ಲೋಕೇಶ ಕೂಡಲೇ ಬರೆದ: ‘ನಮ್ ಜಿಲ್ಲೆ ನಾಲೆಗಳು ಇದುವರೆಗೆ ಎಷ್ಟು ಫೋನ್ ನುಂಗಿದಾವೋ ಸ್ವಾಮಿ. ಸಾಕ್ಷಿ ಕೇಳಿದ ದಿನವೇ ನೀರು ಬಿಡ್ತಾರೆ.’ ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ಒಂದು ನಗುವ ಮುಖ ನಾನೂ ಹಾಕಿದೆ.

ಮರುದಿನ ಅವಳ ಕಥೆ ತೆಗೆದುಹಾಕಿದರು. ‘ಎಳೆ ಸರಿಯಾಗಿ ತಿಳಿಸದ ಕಾರಣ’ ಎಂದು ಬರೆದು ಅವಳನ್ನು ಗ್ರೂಪಿನಿಂದ ಹೊರಗಿಟ್ಟರು. ಕದ್ದವಳು ಎಂಬ ಮಾತನ್ನು ಯಾರೂ ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಆದರೆ ಮೇಷ್ಟ್ರಿಗೆ ಸಮಾಧಾನ ಇದ್ದ ಹಾಗೆ ಕಾಣಲಿಲ್ಲ. ವಾರದ ಮೇಲೆ ಫೋನ್ ಮಾಡಿದರು. ‘ಆ ಹುಡುಗಿ ಊರು ನಿಮಗೆ ಹತ್ತಿರ ಅಲ್ವಾ? ಒಂದ್ಸಲ ಹೋಗಿ ಮುಖ ನೋಡಿ ಮಾತಾಡ್ಕೊಂಡು ಬನ್ನಿ. ಪುಸ್ತಕ ಅಚ್ಚಿಗೆ ಹೋಗೋ ಮುಂಚೆ ನನಗೆ ನಿದ್ದೆ ಬರ್ಬೇಕು.’

ಒಂದು ಭಾನುವಾರ ಆಟೋದಲ್ಲಿ ಹೋದೆ. ಆ ಊರಿನ ಹೆಸರು ಬರೆಯುವುದಿಲ್ಲ. ಸುಳ್ಳನ್ನು ಮುಖಾಮುಖಿ ಹಿಡಿಯುವುದೇ ನಾನು ಹೋದ ಉದ್ದೇಶ. ಮೋಡ ಮುಚ್ಚಿತ್ತು, ಮಳೆ ಇರಲಿಲ್ಲ. ಜೋಳದ ಹೊಲ, ಶುಂಠಿ ಹೊಲ ದಾಟಿ, ಸುಜಾತ ಕೂಲಿಗೆ ಹೋಗುತ್ತಿದ್ದ ಬ್ಯಾರನ್ ಹತ್ತಿರ ಇಳಿದಾಗ ಆ ವಾಸನೆ ಗಂಟಲಿಗೇ ಬಂತು. ಬ್ಯಾರನ್ ಯಜಮಾನರು ನಮ್ಮ ಕಡೆಯವರು, ದೂರದ ನೆಂಟರೂ ಹೌದು ಎಂದು ಮಾತಿನಲ್ಲಿ ಗೊತ್ತಾಯಿತು. ನನಗೆ ಕುರ್ಚಿ ಹಾಕಿಸಿ, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ಕಟ್ಟುತ್ತಿದ್ದ ಹೆಂಗಸರಿಗೆ ಕಾಗದದ ಲೋಟಗಳಲ್ಲಿ ಬಂತು. ಸುಜಾತ ಎರಡನ್ನೂ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

‘ನಿಮ್ಮವ್ವ ಎಡಗೈಯವರು ಅಂತ ಬರ್ದಿದೀಯಲ್ಲ, ನಿಜವೇನಮ್ಮ ಅದು?’ ಎಂದೆ.

ಅವಳ ಬೆರಳುಗಳು ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ದಾರ ಬಿಡದೆ, ‘ಇಲ್ ಯಾರ್ನಾರ ಕೇಳಿ’ ಎಂದಳು.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನಾನು ಕೇಳುವ ಮುಂಚೆಯೇ ಹೇಳಿದಳು. ‘ಚಿಕ್ಕತಾಯಿನಾ? ಅವ್ಳು ಎಡ್ಗೈಲೇ ಮುದ್ದೆ ಮುರಿಯೋಳು ಕಣವ್ವ. ಅವ್ಳ್ ಕಟ್ಟಿದ್ ಕಡ್ಡಿ ಬಿಚ್ಚೋಕೋದ್ರೆ ದಾರ ಉಲ್ಟಾ ಸುತ್ಕೊಂಡಿರದು. ನಾವೆಲ್ಲ ಬೈಕೋತಿದ್ವಿ. ಓದ್ ವರ್ಸ ಅವ್ಳು ಸತ್ ಮ್ಯಾಲೆ ಈ ಮಗಾನೇ ಬಿಚ್ಚುದ್ಲು. ಬೈಯೋಕೆ ಯಾರ್ಗೂ ಬಾಯ್ ಬರ್ನಿಲ್ಲ.’

ಆಗಲಾದರೂ ನಾನು ನಂಬಬೇಕಿತ್ತು. ನಂಬಲಿಲ್ಲ. ಎಡಗೈ ನಿಜವೇ ಇರಬಹುದು, ಸಾವೂ ನಿಜವಿರಬಹುದು, ಆದರೆ ಅದು ಕಥೆಯಾಗುತ್ತದೆ ಎಂದು ಇವಳಿಗೆ ಹೊಳೆದದ್ದು ನನ್ನ ಕಥೆ ಓದಿದ ಮೇಲೆ ಎಂದು ಲೆಕ್ಕ ಹಾಕಿದೆ. ಅನುಮಾನ ಒಂದು ಸಲ ಕೂತರೆ ಎದುರಿಗೆ ಬಂದ ಸತ್ಯವನ್ನೂ ತನ್ನ ಪರವಾಗಿಯೇ ಜೋಡಿಸಿಕೊಳ್ಳುತ್ತದೆ.

ಸುಜಾತ ಒಂದು ಕಡ್ಡಿ ಮುಗಿಸಿ ಕೆಳಗಿಟ್ಟಳು. ‘ಅಕ್ಕ, ನಿಮ್ ಕಥೇಲಿ ಹೂವಿನ್ ಗಂಟು ಎಡಕ್ ತಿರುಗ್ತದೆ ಅಂತದಲ್ಲ. ನಿಮ್ಗೆ ಯಾರ್ ಯೋಳುದ್ರು?’

‘ಯಾರೂ ಹೇಳಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಹೂವಿನವರನ್ನ ನೋಡಿ ಬರೆದೆ.’

‘ಅವ್ರು ಎಡ್ಗೈಯೋರಾ?’

‘ಹೌದು.’

‘ಸರಿ ಬುಡಿ’ ಎಂದು ಇನ್ನೊಂದು ಕಡ್ಡಿ ಎತ್ತಿಕೊಂಡಳು.

ಸಂಜೆ ಹೊಳೆನರಸೀಪುರದಲ್ಲಿ ಬಸ್ ಇಳಿದವಳು ನೇರ ಹೂವಿನವಳ ಹತ್ತಿರ ಹೋಗಿ ನಿಂತೆ. ಅವಳು ಕಾಕಡ ಕಟ್ಟುತ್ತಿದ್ದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಎಡಗೈಯಲ್ಲಿ ಹೂ ಹಿಡಿದಿದ್ದಳು. ದಾರ ಸುತ್ತಿ ಗಂಟು ಎಳೆಯುತ್ತಿದ್ದದ್ದು ಬಲಗೈ.

‘ನೀವು ಎಡಗೈಯವರಲ್ವಾ?’ ಎಂದು ಕೇಳಿದೆ.

‘ಯಾರಂದೋರು? ಉಟ್ಟಿದಾಗಿಂದ ಇದೇ ಕೈ ಕಣವ್ವ.’ ಅವಳು ನಕ್ಕಳು. ‘ಎಷ್ಟ್ ಮೊಳ ಬೇಕು?’

ಎರಡು ಮೊಳ ತಗೊಂಡೆ. ಮನೆಗೆ ಹೋಗುವ ದಾರಿಯಲ್ಲಿ ಗಂಟುಗಳನ್ನು ಬೆರಳಿನಿಂದ ಮುಟ್ಟುತ್ತ ನಡೆದೆ. ಎಲ್ಲವೂ ಬಲಕ್ಕೆ ತಿರುಗಿದ್ದವು. ಹಾಗಾದರೆ ಎಡಗೈ ಎಲ್ಲಿಂದ ಬಂತು? ಕಥೆ ಬರೆಯುವವರು ಇದ್ದದ್ದನ್ನು ಬದಲಾಯಿಸುತ್ತಾರೆ, ನಾನೂ ಬದಲಾಯಿಸಿರಬೇಕು ಎಂದು ಹೇಳಿಕೊಂಡೆ. ಆದರೆ ಬದಲಾಯಿಸಿದ ಆ ಗಳಿಗೆ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅಲ್ಲಿಯವರೆಗೆ ನಾನು ಸುಜಾತಳನ್ನು ಅನುಮಾನಿಸುತ್ತಿದ್ದೆ. ಅವತ್ತಿನಿಂದ ಇಬ್ಬರನ್ನು ಅನುಮಾನಿಸತೊಡಗಿದೆ.

ಆಯುಧಪೂಜೆಯ ಹಿಂದಿನ ದಿನ ಲ್ಯಾಬ್ ತೊಳೆದೆವು. ನನ್ನ ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ಪೇಪರಿನ ಮೇಲೆ ಸುರಿದೆ. ಸೂಜಿಯ ಮುಚ್ಚಳ, ಒಣಗಿದ ಪೆನ್ನು, ರಬ್ಬರ್ ಬ್ಯಾಂಡ್. ತಪ್ಪಾಗಿ ಬರೆದು ಹೊಡೆದುಹಾಕಿದ ಪರೀಕ್ಷೆಯ ಚೀಟಿಗಳನ್ನು ನಾನು ಎಸೆಯುವುದಿಲ್ಲ, ಹಿಂಬದಿ ಉಪಯೋಗಕ್ಕೆ ಬರುತ್ತದೆ ಎಂದು ಇಟ್ಟುಕೊಳ್ಳುತ್ತೇನೆ. ಅಂಥ ಒಂದು ಚೀಟಿಯ ಹಿಂದೆ ನನ್ನದೇ ಅಕ್ಷರ ಇತ್ತು.

‘ಎಡಗೈ ಗಂಟು. ಬ್ಯಾರನ್. ಸತ್ತ ಮೇಲೆ ಮಗಳೇ ಬಿಚ್ಚುವುದು. ಚೆನ್ನಾಗಿದೆ.’

ಹೆಸರಿಲ್ಲ. ನಂಬರೂ ಇಲ್ಲ. ಚೀಟಿ ತಿರುಗಿಸಿದೆ. ಮುಂಬದಿಯಲ್ಲಿ ತಾರೀಖು ಇತ್ತು, ಆಷಾಢದ್ದು. ನಾನು ಕಥೆ ಹಾಕುವುದಕ್ಕೆ ಒಂದು ತಿಂಗಳಿಗೂ ಹಿಂದಿನದು. ಬಸ್ಸಿನಲ್ಲಿ ಕೇಳಿದ್ದನ್ನು ಲ್ಯಾಬಿಗೆ ಬಂದ ಕೂಡಲೇ ಕೈಗೆ ಸಿಕ್ಕಿದ ಕಾಗದದಲ್ಲಿ ಗುರುತು ಹಾಕಿಕೊಂಡಿದ್ದೆ ಎಂದು ಕಾಣುತ್ತದೆ. ಕಾಣುತ್ತದೆ ಎನ್ನುತ್ತಿದ್ದೇನೆ, ಯಾಕೆಂದರೆ ಬರೆದದ್ದು ಇವತ್ತಿಗೂ ನೆನಪಿಲ್ಲ. ಮಾತು ನೆನಪಿನಲ್ಲಿ ಉಳಿದು, ಹೇಳಿದವಳು ಅಳಿಸಿಹೋಗಿದ್ದಳು. ಬ್ಯಾರನ್ ಕೂಡ ಅಳಿಸಿತ್ತು. ಅದರ ಜಾಗದಲ್ಲಿ ನನ್ನ ಕಣ್ಣೆದುರಿಗಿದ್ದ ಹೂವಿನ ಬುಟ್ಟಿ ಬಂದು ಕೂತಿತ್ತು.

ಮರುದಿನ ಮೈಕ್ರೋಸ್ಕೋಪಿಗೆ ಕುಂಕುಮ ಇಟ್ಟು ಮಂಗಳಾರತಿ ಮಾಡಿದರು. ಚೀಟಿ ನನ್ನ ಚೀಲದಲ್ಲಿತ್ತು. ಅದು ಎಂಟು ದಿನ ಅಲ್ಲೇ ಇತ್ತು. ಅಷ್ಟು ದಿನವೂ ನಾನು ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಬಸ್ಸಿನಲ್ಲಿ ಅದನ್ನು ಹರಿಯಲು ಹೋಗಿ ಒಂದು ಮೂಲೆ ಹರಿದೆ. ಪಕ್ಕದವರು ನೋಡಿದರೆಂದು ನಿಲ್ಲಿಸಿದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳಲಾರೆ.

ಒಂಬತ್ತನೆಯ ದಿನ ರಜೆ ಹಾಕಿ ಹಾಸನಕ್ಕೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಪುಸ್ತಕದ ಕರಡು ತಿದ್ದುತ್ತ ಕೂತಿದ್ದರು. ಮೊದಲ ಪುಟದಲ್ಲಿ ನನ್ನ ಕಥೆ. ಅದರ ಮೇಲೆ ಚೀಟಿ ಇಟ್ಟೆ. ಅವರು ಕನ್ನಡಕ ಏರಿಸಿ ಒಂದು ಕಡೆ ಓದಿದರು, ತಿರುಗಿಸಿ ತಾರೀಖು ನೋಡಿದರು, ಮತ್ತೆ ಓದಿದರು.

‘ಈ ಮೂಲೆ ಯಾಕೆ ಹರಿದಿದೆ?’

‘ನಾನೇ ಹರಿದೆ ಸರ್.’

ಕರಡನ್ನು ಬದಿಗೆ ಸರಿಸಿದರು. ಆಮೇಲೆ, ‘ನೀವು ಹಾಳೆ ಕಳಿಸಿದಾಗ ನಾನೂ ಆ ಹುಡುಗಿನ ಎರಡನೇ ಮಾತು ಕೇಳಲಿಲ್ಲ. ಅದನ್ನೂ ಬರೀರಿ’ ಎಂದರು.

ಅಲ್ಲೇ ಕೂತು ಗ್ರೂಪಿಗೆ ಬರೆದೆ. ಚೀಟಿಯ ಎರಡೂ ಬದಿಯ ಫೋಟೋ ಹಾಕಿದೆ. ‘ನನ್ನ ಮರೆವಿನಿಂದ ಆದ ತಪ್ಪು’ ಎಂದು ಬರೆದೆ. ಲೋಕೇಶ ತನ್ನ ನಾಲೆಯ ಮಾತನ್ನು ಅಳಿಸಲು ಹೋದನಂತೆ. ತುಂಬ ದಿನವಾಗಿತ್ತು, ಅಳಿಸಲು ಬರಲಿಲ್ಲ. ‘ನನ್ ಬಾಯಿಗಿಷ್ಟು ಬೆಂಕಿ ಹಾಕ’ ಎಂದು ಬರೆದ. ಅವತ್ತು ಯಾರೂ ನಗುವ ಮುಖ ಹಾಕಲಿಲ್ಲ.

ಸುಜಾತಳಿಗೆ ಫೋನ್ ಮಾಡಿ ನಾನು ಬರೆದದ್ದನ್ನು ಓದಿ ಹೇಳಿದೆ. ಹಿಂದೆ ಹೆಂಗಸರ ಮಾತು, ಎಲೆಯ ಸದ್ದು ಕೇಳಿಸುತ್ತಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

‘ಮರ್ತೋಯ್ತು ಅಂತಿದೀರ. ಒಪ್ತೀನಿ ಅಕ್ಕ. ಬಸ್ಸಲ್ಲಿ ಕೇಳಿದ್ದು ಯಾರ್ಗಾದ್ರೂ ಮರ್ತೋಗ್ತದೆ. ಆದ್ರೆ ನನ್ನ ಕಳ್ಳಿ ಅನ್ನೋಕೆ ನಿಮ್ಗೆ ನೆಪ್ಪು ಬೇಕಾಗಿರ್ನಿಲ್ಲ. ನಿಮ್ಮೋರ ಮನೆ ಹುಡ್ಗಿ ಆಗಿದ್ರೆ ಇನ್ನೊಂದ್ ಸತಿ ಯೋಚ್ನೆ ಮಾಡ್ತಿದ್ರಿ. ಅದು ಮರೆವಲ್ಲ.’

ಹಿಂದೆ ಯಾರೋ ದಾರ ಕೇಳಿದರು, ಅವಳು ಕೊಟ್ಟು ಬಂದಳು.

‘ಬುಕ್ಕಲ್ಲಿ ನನ್ ಕಥೆ ಹಾಕೊಂಡ್ರೆ ಹಾಕೊಳಿ. ಎಳೆ ಅಂತ ನಮ್ಮವ್ವನ್ ಹೆಸ್ರಿರ್ಲಿ. ನಮ್ಮವ್ವ ಅಂತಲ್ಲ, ಪೂರ್ತಿ ಹೆಸ್ರು. ಚಿಕ್ಕತಾಯಮ್ಮ. ಗ್ರೂಪಿಗೆ ಮಾತ್ರ ನಾ ಬರಾಕಿಲ್ಲ.’

ಫೋನ್ ಇಟ್ಟ ಮೇಲೆ ಗ್ರೂಪಿನಲ್ಲಿ ನಾನು ಬರೆದದ್ದರ ಕೆಳಗೆ ಇನ್ನೊಂದು ಸಾಲು ಹಾಕಿದೆ: ‘ಅನುಮಾನ ಮಾತ್ರ ಮರೆವಿನಿಂದ ಬಂದದ್ದಲ್ಲ.’ ಮೇಷ್ಟ್ರು ಹೇಳಿದ್ದನ್ನೂ ಅವರ ಹೆಸರಿನಲ್ಲೇ ಬರೆದೆ. ಪುಸ್ತಕ ದೀಪಾವಳಿಗೆ ಬಂತು. ಮೊದಲ ಕಥೆ ಸುಜಾತಳದು, ಕೆಳಗೆ ಅವಳ ಅವ್ವನ ಪೂರ್ತಿ ಹೆಸರು. ನನ್ನ ಕಥೆಯನ್ನು ನಾನು ಹಿಂದಕ್ಕೆ ಪಡೆದೆ. ಅದು ಈಗ ಎಲ್ಲೂ ಇಲ್ಲ. ಆದರೆ ಯಾರೋ ಅಷ್ಟರಲ್ಲೇ ಫಾರ್ವರ್ಡ್ ಮಾಡಿದ್ದರು. ಹೆಸರಿಲ್ಲದ ಆ ಹೂವಿನ ಕಥೆ ಬೇರೆ ಗ್ರೂಪುಗಳಲ್ಲಿ ಸುತ್ತಿ ಎರಡು ಸಲ ನನ್ನ ಫೋನಿಗೇ ವಾಪಸು ಬಂದಿದೆ. ಬಂದಾಗೆಲ್ಲ ಕಳಿಸಿದವರಿಗೆ ಸುಜಾತಳ ಹೆಸರು, ಚಿಕ್ಕತಾಯಮ್ಮನ ಹೆಸರು ಬರೆದು ಕಳಿಸಿದೆ. ಎರಡಕ್ಕೂ ಉತ್ತರವಾಗಿ ಬಂದದ್ದು ಮೇಲೆತ್ತಿದ ಹೆಬ್ಬೆರಳಿನ ಚಿತ್ರ.

ಆಮೇಲೆ ನಾನು ಬರೆದದ್ದು ಕಡಿಮೆ. ಒಳ್ಳೆಯ ಸಾಲು ಹೊಳೆದರೆ ಮೊದಲು ಭಯವಾಗುತ್ತದೆ. ಇದು ಯಾರದು ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಸಿಗದಿದ್ದರೆ ಹೆಸರಿಲ್ಲದ ಟ್ಯೂಬಿನ ಹಾಗೆ ಬಿಟ್ಟುಬಿಡುತ್ತೇನೆ.

ಈ ಜುಲೈಯಲ್ಲಿ, ಆ ವಾಸನೆ ಬಂದ ವಾರವೇ, ಮೇಷ್ಟ್ರು ಒಂದು ಕಥೆ ಕಳಿಸಿದರು. ಸುಜಾತ ಬೇರೊಂದು ವೆಬ್‌ಸೈಟಿನಲ್ಲಿ ಪ್ರಕಟಿಸಿದ್ದು. ತನ್ನ ಅವ್ವನ ಗಂಟನ್ನು ತಾನೇ ಕದ್ದಳು ಎನ್ನಿಸಿಕೊಂಡ ಒಬ್ಬ ಹುಡುಗಿಯ ಕಥೆ. ಕುರ್ಚಿ, ಸ್ಟೀಲ್ ಲೋಟ, ಕಾಗದದ ಲೋಟ ಎಲ್ಲ ಇದ್ದವು. ವಿಚಾರಿಸಲು ಬಂದ ಹೆಂಗಸನ್ನು ಸುಜಾತ ಕೆಟ್ಟವಳನ್ನಾಗಿ ಮಾಡಿರಲಿಲ್ಲ. ಅವಳು ಪ್ರತಿಯೊಂದನ್ನೂ ಗಮನವಿಟ್ಟು ನೋಡುವ ಹೆಂಗಸು, ನೋಡಿದ್ದನ್ನು ನಂಬದವಳು. ಅಲ್ಲಿ ಎಳೆ ಹಾಕಬೇಕೆಂಬ ನಿಯಮವೇ ಇಲ್ಲ. ಆದರೂ ಕೊನೆಗೆ ಇತ್ತು:

‘ಎಳೆ: ಹೊಳೆನರಸೀಪುರದ ಮಂಗಳಕ್ಕ.’

ಆ ಸಾಲನ್ನು ಬಸ್ಸಿನಲ್ಲಿ ಎಷ್ಟು ಸಲ ಓದಿದೆನೋ. ಚುಚ್ಚಲು ಹಾಕಿದ್ದೇ, ಪ್ರಾಮಾಣಿಕವಾಗಿ ಹಾಕಿದ್ದೇ ಎಂದು ಅನುಮಾನಪಟ್ಟೆ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ‘ನನ್ನ ಯಾಕಮ್ಮ ಕೇಳ್ತೀರ? ನೀವು ಕೊಟ್ರಿ, ಅವಳು ಹೆಸರು ಹಾಕಿದಾಳೆ’ ಎಂದರು.

ಕಥೆಯ ಕೆಳಗೆ ಅಭಿಪ್ರಾಯ ಬರೆಯುವ ಜಾಗವಿತ್ತು. ‘ಈ ಎಳೆ ನನ್ನದಲ್ಲ, ನಿನ್ನದೇ’ ಎಂದು ಟೈಪ್ ಮಾಡಿದೆ. ಕಳಿಸುವ ಮುಂಚೆ ಓದಿದೆ. ಅದು ನಿಜವಲ್ಲ. ಒಂದೊಂದೇ ಅಕ್ಷರ ಅಳಿಸಿದೆ. ನಾನು ಯಾರಿಂದಲೂ ಪಡೆಯದೆ ಸ್ವಂತವಾಗಿ ಕೊಟ್ಟದ್ದು ಅವಳ ಮೇಲಿನ ಆ ಅನುಮಾನ ಒಂದೇ.